ಬಿಸಿಲ ನಾಡಿನಲ್ಲಿ ಒಂದು ಹಗಲಿನ ಬಿಡಾರ



ದೂರಪ್ರಯಾಣವನ್ನು ಕೈಗೊಂಡವರಿಗೆ, ಒಂದು ಬಂಡಿಯಿಂದ ಇಳಿದು ಮತ್ತೊಂದನ್ನು ಏರುವುದರ ನಡುವೆ, ಗುರುತು ಪರಿಚಯವಿಲ್ಲದ ಊರಿನಲ್ಲಿ ಒಂದು ಹಗಲನ್ನೋ, ಒಂದು ಹಗಲು ಒಂದು ರಾತ್ರಿಯನ್ನೋ ಕಳೆಯಬೇಕಾದ ಪ್ರಸಂಗ ಒದಗುವುದುಂಟು. ಆ ಊರು ತಂಪಾದ ಮಲೆನಾಡಿನದಾದರೆ ಹೆಚ್ಚಿನ ಆಲೋಚನೆಗೆ ಕಾರಣವಿಲ್ಲ. ಮನಸ್ಸು ಎಳೆದತ್ತ ನಡೆದು, ದಣಿದಲ್ಲಿ ಕುಳಿತು, ಹೊತ್ತಿಗೆ ಸರಿಯಾಗಿ ನಿಲ್ದಾಣಕ್ಕೆ ಮರಳಬಹುದು. ಆದರೆ ಊರು ಬಿಸಿಲ ನಾಡಿನದಾಗಿ, ಕಾಲವು ಚೈತ್ರ ವೈಶಾಖಗಳದಾಗಿ, ನೆತ್ತಿಯ ಮೇಲಿನ ಸೂರ್ಯನೂ ಕಾಲಡಿಯ ಕಲ್ಲೂ ಏಕಕಾಲಕ್ಕೆ ಸುಡುವಂತಿದ್ದರೆ, ಮುಂದಾಲೋಚನೆಯಿಲ್ಲದೆ ಹೊರಟ ಪ್ರವಾಸಿಯು ನೋಡತಕ್ಕುದರಲ್ಲಿ ಕಾಲುಭಾಗವನ್ನೂ ನೋಡದೆ, ತಲೆಶೂಲೆಯೊಡನೆ ಕೋಣೆ ಸೇರಿ ಬಾಗಿಲಿಕ್ಕಿಕೊಳ್ಳುವುದೇ ಹೆಚ್ಚು. ಇಂಥ ಊರಿನಲ್ಲಿ ಅಲ್ಪಾವಧಿಯ ತಂಗುವಿಕೆಯನ್ನು ಹೇಗೆ ಯೋಜಿಸಬೇಕೆಂಬುದನ್ನು, ನಾನು ಬಲ್ಲ ಬೀದರ ನಗರವನ್ನೂ ಅದರ ನೆರೆಯ ಭಾಲ್ಕಿ, ಔರಾದಗಳನ್ನೂ ನಿದರ್ಶನವಾಗಿಟ್ಟುಕೊಂಡು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಉಷ್ಣನಗರಿಯಲ್ಲಿ ದಿನಚರಿಯನ್ನು ಸ್ಮಾರಕಗಳ ಪಟ್ಟಿಯಿಂದ ಹೆಣೆಯಲಾಗದು, ಅದನ್ನು ನೆರಳು ಮತ್ತು ನೀರುಗಳ ಕ್ರಮದಿಂದಲೇ ಹೆಣೆಯಬೇಕು.

ಬೀದರವು ಮರುಭೂಮಿಯಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡುವುದು ಯುಕ್ತ. ಮುಂಗಾರು ಇಲ್ಲಿಗೆ ಬರುತ್ತದೆ. ಒಳ್ಳೆಯ ವರ್ಷಗಳಲ್ಲಿ ತೊಗರಿ, ಉದ್ದು, ಹೆಸರು, ಸೋಯಾಗಳ ಹೊಲಗಳು ಕಣ್ಣು ತಣಿಯುವಷ್ಟು ಹಸುರಾಗುತ್ತವೆ. ಆದರೆ ಆ ಮಳೆಯೆಲ್ಲವೂ ವರ್ಷದ ನಾಲ್ಕು ತಿಂಗಳುಗಳಲ್ಲಿ ಸುರಿದು ಮುಗಿಯುವುದರಿಂದ, ಫಾಲ್ಗುಣ ಕಳೆಯುತ್ತಲೇ ನೆಲ ಬಿರಿದು, ಗಾಳಿ ಒಣಗಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿಯನ್ನು ದಾಟಿ ನಿಲ್ಲುವ ದಿನಗಳು ಒಂದರ ಹಿಂದೊಂದು ಬರುತ್ತವೆ. ನಗರವು ಸಮುದ್ರಮಟ್ಟದಿಂದ 2,200 ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿರುವ ಜಂಬಿಟ್ಟಿಗೆಯ ಪ್ರಸ್ಥಭೂಮಿಯೊಂದರ ಅಂಚಿನಲ್ಲಿ ಕುಳಿತಿದೆ. ಈ ಕೆಂಪು ಕಲ್ಲಿನ ಗುಣವೇ ಊರಿನ ಪ್ರಾಣ. ಮೇಲೆ ಸುರಿದ ಮಳೆಯ ನೀರು ಅದರ ಅಸಂಖ್ಯ ರಂಧ್ರಗಳಲ್ಲಿ ಇಳಿದಿಳಿದು, ಕೆಳಗಿರುವ ಗಟ್ಟಿಯಾದ ಕರಿಯ ಬಸಾಲ್ಟ್ ಶಿಲೆಯನ್ನು ಮುಟ್ಟಿ, ಮುಂದೆ ದಾರಿ ಕಾಣದೆ, ಎರಡು ಶಿಲೆಗಳ ಸಂಧಿಯಲ್ಲಿ ಅಡ್ಡಹರಿದು, ದಿಬ್ಬದ ಓರೆಯಲ್ಲಿ ಝರಿಯಾಗಿ ಹೊರಬೀಳುತ್ತದೆ. ಪಾಪನಾಶದ ಕೊಳ, ನಾನಕ್ ಝೀರಾದ ಬುಗ್ಗೆ, ಝರಣಿ ನರಸಿಂಹನ ಗುಹೆಯ ಜಲ, ಇವೆಲ್ಲವೂ ಇದೇ ಭೂರಚನೆಯ ಫಲಗಳು. ಮೇಲೆ ಕಾದ ಕಲ್ಲು, ಒಳಗೆ ತಣ್ಣನೆಯ ನೀರು ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಪ್ರವಾಸಿಗೆ ಬೀದರದ ನಕ್ಷೆಯು ಅರ್ಧಾಂಶ ಅರ್ಥವಾದಂತೆಯೇ ಸರಿ.

ಇದನ್ನು ಚೆನ್ನಾಗಿ ಅರಿತಿದ್ದವರು ಈ ನಗರವನ್ನು ಕಟ್ಟಿದವರು. ಬಹಮನಿ ಸುಲ್ತಾನನಾದ ಅಹಮದ್ ಷಾ ವಲಿಯು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದಾಗ, ಪಾರಸಿಕ ದೇಶದ ವಿದ್ವಾಂಸರು, ಶಿಲ್ಪಿಗಳು, ಸಾಧುಗಳು ಅವನ ಆಸ್ಥಾನದ ಕಡೆಗೆ ಮುಖಮಾಡಿದರು. ಕಿರ್ಮಾನ್ ಪ್ರಾಂತದ ಮಾಹಾನ್ ಎಂಬ ಮರುಭೂಮಿಯಂಚಿನ ಊರಿನಲ್ಲಿದ್ದ ಸೂಫಿ ಸಂತ ಷಾ ನಿಯಾಮತುಲ್ಲಾ ವಲಿಯಲ್ಲಿ ಅಹಮದ್ ಷಾ ಅಪಾರವಾದ ಭಕ್ತಿಯನ್ನಿಟ್ಟಿದ್ದನು. ಆ ಸಂತನ ಸಂತತಿಯವರು ಬೀದರಕ್ಕೆ ಬಂದು ನೆಲಸಿದರು. ಸಂತನ ಮರಣಾನಂತರ ಮಾಹಾನಿನಲ್ಲಿ ಅವನ ಸಮಾಧಿಮಂದಿರವನ್ನು ಕಟ್ಟಿಸಲು ಹೊರಟವನೂ ದಖ್ಖನಿನ ಈ ದೊರೆಯೇ. ಮರುಭೂಮಿಯ ಅಂಚಿನ ಪಟ್ಟಣಕ್ಕೂ ನಮ್ಮ ಈ ಕೆಂಪುಕಲ್ಲಿನ ದಿಬ್ಬಕ್ಕೂ ಇದ್ದ ಇಂಥ ಬಾಂಧವ್ಯದ ದಾರಿಯಲ್ಲಿಯೇ, ನೆಲದಡಿಯ ನೀರನ್ನು ಊರಿಗೆ ನಡೆಯಿಸಿ ತರುವ ವಿದ್ಯೆಯೂ ಇಲ್ಲಿಗೆ ಬಂದಿತು.

ಆ ದಾರಿಯನ್ನು ಹಿಡಿದು ಬಂದ ಪ್ರವಾಸಿಯೊಬ್ಬನನ್ನು ಇಲ್ಲಿ ಸ್ಮರಿಸಬೇಕು. ರಷ್ಯಾದೇಶದ ತ್ವೇರ್ ಎಂಬ ಊರಿನ ವರ್ತಕ ಅಫನಾಸಿ ನಿಕಿತಿನ್, 1470ರ ಆಸುಪಾಸಿನಲ್ಲಿ ಬೀದರವನ್ನು ಕಂಡು ಬರೆದಿಟ್ಟವನು. ಇಲ್ಲಿಗೆ ಬರುವ ಮೊದಲು ಅವನು ಪಾರಸಿಕ ಮರುಭೂಮಿಯ ಯಜ್ದ್ ನಗರದಲ್ಲಿ ಒಂದು ತಿಂಗಳು, ಕಡಲ ನಡುವಣ ಹೊರ್ಮುಜ್ ಪಟ್ಟಣದಲ್ಲಿ ಮತ್ತೊಂದು ತಿಂಗಳು ತಂಗಿದನು. ಹೊರ್ಮುಜ್‌ನ ಬಿಸಿಲು ಮನುಷ್ಯನನ್ನೇ ಸುಟ್ಟುಬಿಡುವಷ್ಟು ಉಗ್ರವೆಂದು ಅವನು ದಾಖಲಿಸಿದ್ದಾನೆ. ಮಂಜಿನ ದೇಶದಲ್ಲಿ ಹುಟ್ಟಿದ ಆ ಮನುಷ್ಯನು ಅಂಥ ತಾಪವನ್ನು ದಾಟಿ, ಒಂದು ಕುದುರೆಯನ್ನು ಹಡಗಿನಲ್ಲಿ ಹೇರಿಕೊಂಡು ಬಂದು, ಕಡೆಗೆ ಅದನ್ನು ಬೀದರದಲ್ಲಿ ಮಾರಿದನು. ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ನಿಂತು, ದೇಹವನ್ನು ಆಯಾ ಹವೆಗೆ ಒಗ್ಗಿಸಿಕೊಂಡು ಮುಂದುವರಿಯುವ ಸೌಕರ್ಯ ಅಂದಿನವರಿಗಿತ್ತು. ಇಂದಿನ ಪ್ರವಾಸಿಗೆ ಆ ಕಾಲಾವಕಾಶವಿಲ್ಲ. ಬೆಂಗಳೂರಿನ ತಂಪಿನಿಂದ ರಾತ್ರಿಯ ರೈಲಿನಲ್ಲಿ ಹೊರಟವನು ಬೆಳಗಾಗುವಷ್ಟರಲ್ಲಿ ಬೇರೊಂದು ಹವಾಮಾನದಲ್ಲಿ ಇಳಿಯುತ್ತಾನೆ. ಕಾಲವು ಕೊಡದ ರಕ್ಷಣೆಯನ್ನು ಅವನು ವಿವೇಕದಿಂದಲೇ ಪಡೆಯಬೇಕು.

ಹಾಗಾದರೆ ಬೇಸಿಗೆಯ ಒಂದು ಹಗಲನ್ನು ಇಲ್ಲಿ ಹೇಗೆ ವಿಂಗಡಿಸಬೇಕು? ಮುಂಜಾವಿನ ಮೂರು ತಾಸು ಬಯಲಿಗೆ ಮೀಸಲು. ಸೂರ್ಯೋದಯದ ಹೊತ್ತಿಗೆ ಕೋಟೆಯ ಬಾಗಿಲಲ್ಲಿರಬೇಕು. ಬೀದರದ ಕೋಟೆ ವಿಸ್ತಾರವಾದುದು. ಅದರ ಕಂದಕವು ಒಂದಲ್ಲ, ಶಿಲೆಯಲ್ಲಿಯೇ ಕಡಿದು ನಡುವೆ ಕಲ್ಲಿನ ಗೋಡೆಗಳನ್ನು ಉಳಿಸಿದ ಮೂರು ಸಾಲಿನ ಕಂದಕ. ಷರ್ಜಾ ದರವಾಜ, ಗುಂಬದ್ ದರವಾಜಗಳನ್ನು ದಾಟಿ ಒಳಹೊಕ್ಕು, ಬುರುಜುಗಳ ಮೇಲೆ ನಡೆದು, ತಖ್ತ್ ಮಹಲಿನ ಭಗ್ನಾವಶೇಷಗಳನ್ನು ಸುತ್ತಿ ಬರುವ ಕಾರ್ಯವನ್ನೆಲ್ಲ ಬಿಸಿಲೇರುವ ಮುನ್ನ ಪೂರೈಸತಕ್ಕದ್ದು. ಏಕೆಂದರೆ ಇಲ್ಲೆಲ್ಲ ಆಕಾಶವೇ ಚಾವಣಿ. ಬಿಸಿಲು ಬಲಿಯುತ್ತಿದ್ದಂತೆ ಚಾವಣಿಯುಳ್ಳ ಕಟ್ಟಡಗಳತ್ತ ಸರಿಯಬೇಕು. ಸೋಲಾ ಖಂಬ ಮಸೀದಿಯ ದಪ್ಪ ಕಂಬಗಳ ನಡುವೆ ಹೊರಗಿನ ಝಳ ನಿಂತುಹೋಗುತ್ತದೆ. ರಂಗೀನ್ ಮಹಲಿಗೆ ಬೀಗವಿರುವುದುಂಟು. ಕಾವಲಿನವರನ್ನು ವಿನಯದಿಂದ ಕೇಳಿ ತೆರೆಸಿಕೊಂಡರೆ, ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿಯನ್ನೂ ಮರದ ಕೆತ್ತನೆಯನ್ನೂ ನೆರಳಿನಲ್ಲಿಯೇ ನಿಂತು ಸಾವಧಾನವಾಗಿ ನೋಡಬಹುದು. ರಾಜರ ಸ್ನಾನಗೃಹವಾದ ಹಮಾಮು ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಗೋಡೆಗಳ ದಪ್ಪವನ್ನು ನೋಡಿದರೆ ಒಳಗಿನ ಹವೆ ಹೊರಗಿನದಕ್ಕಿಂತ ಏಕೆ ಭಿನ್ನವೆಂಬುದು ತಾನಾಗಿ ತಿಳಿಯುತ್ತದೆ.

ಹತ್ತು ಗಂಟೆಯ ತರುವಾಯ ನಾಲ್ಕು ಗಂಟೆಯವರೆಗಿನ ಕಾಲವನ್ನು ಅನೇಕರು ವ್ಯರ್ಥಕಾಲವೆಂದು ಎಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೀದರದ ಅತ್ಯುತ್ತಮವಾದ ಭಾಗಗಳು ಈ ವೇಳೆಗೆಂದೇ ಇರುವಂಥವು. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಮಹಾಮಂತ್ರಿಯಾದ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸವು ಕೋಟೆಯಿಂದ ಹೆಚ್ಚು ದೂರವಿಲ್ಲ. ಮೂರು ಅಂತಸ್ತಿನ ಈ ವಿದ್ಯಾಮಂದಿರದ ಅಂಗಳದ ಸುತ್ತ ಇರುವ ಕೋಣೆಗಳಲ್ಲಿ ಕುಳಿತರೆ, ಐದು ಶತಮಾನಗಳ ಹಿಂದಿನ ವಿದ್ಯಾರ್ಥಿಗಳು ಇಂಥ ಬೇಸಿಗೆಯಲ್ಲಿಯೂ ಓದನ್ನು ಹೇಗೆ ನಡೆಸಿದ್ದಿರಬಹುದೆಂಬುದು ಗೋಚರಿಸುತ್ತದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಪಾರ್ಶ್ವ ಹಾರಿಹೋಗಿದ್ದರೂ, ಉಳಿದ ಮಿನಾರಿನ ಮೇಲಿನ ನೀಲಿ ಹಸುರು ಹೆಂಚುಗಳು ಆ ಬಿಸಿಲಿನಲ್ಲಿ ಕಣ್ಣಿಗೆ ತಂಪನ್ನೆರೆಯುತ್ತವೆ. ತನ್ನ ಒಡೆಯನ ಆಜ್ಞೆಯಿಂದಲೇ 1481ರಲ್ಲಿ ಶಿರಚ್ಛೇದಕ್ಕೆ ಗುರಿಯಾದ ಆ ವೃದ್ಧ ಮಂತ್ರಿಯ ಕೀರ್ತಿಗೆ ಈ ವಿದ್ಯಾಲಯದಷ್ಟು ಬಲವಾದ ಸಾಕ್ಷಿ ಮತ್ತೊಂದಿಲ್ಲ.

ಅಲ್ಲಿಂದ ಚೌಬಾರದ ಗೋಪುರವನ್ನು ಹಾದು ಬಿದರಿ ಕುಶಲಕರ್ಮಿಗಳ ಅಂಗಡಿಗಳಿಗೆ ಹೋಗಬೇಕು. ಸತುವಿಗೆ ಅಲ್ಪಪ್ರಮಾಣದ ತಾಮ್ರವನ್ನು ಬೆರಸಿ ಎರಕಹೊಯ್ದ ಪಾತ್ರೆಯನ್ನು ಕುಶಲಕರ್ಮಿಯು ಮೊದಲು ಮೈಲುತುತ್ತದ ದ್ರಾವಣದಿಂದ ತಾತ್ಕಾಲಿಕವಾಗಿ ಕಪ್ಪುಮಾಡಿ, ಅದರ ಮೇಲೆ ಬಳ್ಳಿ ಹೂಗಳ ರೇಖೆಯನ್ನು ಉಳಿಯಿಂದ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಕೂರಿಸುತ್ತಾನೆ. ಉಜ್ಜಿ ನುಣುಪುಮಾಡಿದ ಮೇಲೆ ಬೆಳ್ಳಿಯಾವುದು ಲೋಹವಾವುದು ಎಂಬುದೇ ತಿಳಿಯದಂತೆ ಎರಡೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಕೊನೆಯಲ್ಲಿ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಅದ್ದಿ ತಿರುಗಿಸಿದಾಗ, ಲೋಹವು ಕ್ಷಣಮಾತ್ರದಲ್ಲಿ ಕಾಡಿಗೆಗಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿದು, ಅಡಗಿದ್ದ ಚಿತ್ರವೆಲ್ಲ ಎದ್ದು ಬರುತ್ತದೆ. ಈ ಮಣ್ಣು ಎಲ್ಲಿಯದಾದರೂ ನಡೆಯದು. ಹಳೆಯ ಕಟ್ಟಡಗಳ ಒಳಗೆ ಬಹುಕಾಲ ಬಿಸಿಲೂ ಮಳೆಯೂ ಸೋಕದೆ ಉಳಿದ ಮಣ್ಣೇ ಬೇಕೆಂದು ಕುಶಲಕರ್ಮಿಗಳು ಹೇಳುತ್ತಾರೆ. ನೆರಳಿನಲ್ಲಿ ಕಾಪಿಟ್ಟ ಮಣ್ಣು ಕೂಡ ಈ ಊರಿಗೆ ಒಂದು ಸಂಪತ್ತು.

ಊಟದ ಹೊತ್ತಿಗೆ ನಾನಕ್ ಝೀರಾ ಗುರುದ್ವಾರವನ್ನು ಸೇರುವುದು ಒಳ್ಳೆಯದು. ಹದಿನಾರನೆಯ ಶತಮಾನದ ಆದಿಯಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ, ಕುಡಿಯಲು ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಅವರ ಅನುಗ್ರಹದಿಂದ ಬಂಡೆಯ ಬುಡದಿಂದ ಬುಗ್ಗೆ ಹೊರಟಿತೆಂಬುದು ಭಕ್ತರ ನಂಬಿಕೆ. ಜಾತಿ ಮತಗಳನ್ನು ಕೇಳದೆ ಬಂದವರಿಗೆಲ್ಲ ಅಲ್ಲಿನ ಲಂಗರಿನಲ್ಲಿ ಊಟವಿದೆ. ಇಲ್ಲಿ ಒಂದು ಸಣ್ಣ ಸೂಚನೆ: ಗುರುದ್ವಾರದಲ್ಲಿಯೂ ದೇವಾಲಯಗಳಲ್ಲಿಯೂ ಪಾದರಕ್ಷೆಯನ್ನು ಬಿಡಬೇಕಾಗುವುದರಿಂದ, ನಡುಮಧ್ಯಾಹ್ನದ ಕಲ್ಲುಹಾಸು ಅಂಗಾಲನ್ನು ಸುಡದಂತೆ ಹಾಸಿದ ಚಾಪೆಯ ಮೇಲೆ ನಡೆಯಬೇಕು, ಮಕ್ಕಳಿದ್ದರೆ ಎತ್ತಿಕೊಳ್ಳಬೇಕು. ಝರಣಿ ನರಸಿಂಹನ ದರ್ಶನಕ್ಕೆ ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕಾಗುತ್ತದೆ. ಭಕ್ತಿಯಿಂದ ಹೋಗುವವರಿಗೆ ಅದು ಅಪೂರ್ವವಾದ ಅನುಭವ. ಆದರೆ ಉಸಿರಾಟದ ತೊಂದರೆಯುಳ್ಳವರೂ ಮುಂದೆ ಹಿಡಿಯಬೇಕಾದ ರೈಲಿಗೆ ಅವಸರಪಡುವವರೂ ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳುವುದು ಲೇಸು.

ಮೂರು ಗಂಟೆಯ ಸುಮಾರಿಗೆ ನೌಬಾದಿಗೆ ಹೋಗಬೇಕು. ನಾನು ಮುಂಚೆ ಹೇಳಿದ ಜಲವಿದ್ಯೆ ಅಲ್ಲಿ ನೆಲದಡಿಯಲ್ಲಿದೆ. ಜನರು ಅದನ್ನು ಸುರಂಗ ಬಾವಿಯೆನ್ನುತ್ತಾರೆ. ಪಾರಸಿಕರ ಹೆಸರು ಕರೇಜ್. ಎತ್ತರದ ಕಡೆಯಲ್ಲಿ, ಅಂತರ್ಜಲವಿರುವ ಸ್ಥಳವನ್ನು ಗುರುತಿಸಿ, ಅಲ್ಲಿ ಒಂದು ತಾಯಿಬಾವಿಯನ್ನು ತೋಡಿ, ಅದರ ತಳದಿಂದ ಕಣ್ಣಿಗೆ ಕಾಣದಷ್ಟು ಅಲ್ಪವಾದ ಇಳಿಜಾರಿನಲ್ಲಿ ಸುರಂಗವನ್ನು ಕೊರೆಯುತ್ತಾ ಸಾಗಿದರೆ, ನೀರು ತನ್ನ ಭಾರದಿಂದಲೇ ಹರಿದು ತಗ್ಗಿನ ಊರಿನಲ್ಲಿ ಬಯಲಾಗುತ್ತದೆ. ಸುರಂಗ ತೋಡುವವರಿಗೆ ಗಾಳಿ ಬೆಳಕುಗಳಿಗಾಗಿ, ಅಗೆದ ಮಣ್ಣನ್ನು ಮೇಲೆತ್ತುವುದಕ್ಕಾಗಿ, ಮುಂದೆ ಹೂಳು ತೆಗೆಯುವುದಕ್ಕಾಗಿ ಅಲ್ಲಲ್ಲಿ ನೇರ ಬಾವಿಗಳನ್ನು ಇಳಿಸುತ್ತಾರೆ. ನೌಬಾದಿನ ಸಾಲಿನಲ್ಲಿ ಇಂಥವು 20ಕ್ಕೂ ಹೆಚ್ಚು. ಯಂತ್ರ ಬೇಡ, ಎತ್ತು ಬೇಡ, ರಾಟೆ ಬೇಡ. ಮೇಲಣ ಸೂರ್ಯನಿಗೆ ಹನಿ ನೀರೂ ಸಿಗದು. ಬಾವಿಯ ಬಾಯಿಯ ಹತ್ತಿರ ನಿಂತು ಕೆಳಗೆ ಬಗ್ಗಿದಾಗ, ಬೆನ್ನಿಗೆ ಹತ್ತಿದ ಬಿಸಿಲು ಹಾಗೆಯೇ ಇರುತ್ತಿರಲು, ಮುಖಕ್ಕೆ ತೇವಗೂಡಿದ ತಂಪು ತಟ್ಟುತ್ತದೆ. ಜಂಬಿಟ್ಟಿಗೆಯ ಗೋಡೆಯ ಮೇಲೆ ಗುದ್ದಲಿಯ ಗುರುತುಗಳು ಕಾಣಿಸುತ್ತವೆ. ಅವುಗಳ ನಡುವಿನ ಬಿರುಕುಗಳಲ್ಲಿ ಪಾಚಿ ಹಬ್ಬಿರುತ್ತದೆ. ಬಹುಕಾಲ ಹೂಳು ಮುಚ್ಚಿ ಮರೆತುಹೋಗಿದ್ದ ಈ ಸುರಂಗವನ್ನು ಇತ್ತೀಚಿನ ವರ್ಷಗಳಲ್ಲಿ ಶೋಧಿಸಿ, ಶುಚಿಗೊಳಿಸುವ ಕೆಲಸ ನಡೆದದ್ದು ಸಂತೋಷದ ವಿಷಯ. ಇದರ ಮೂಲಮಾದರಿಗಳಾದ ಪಾರಸಿಕ ಸುರಂಗಗಳಲ್ಲಿ ಹನ್ನೊಂದನ್ನು 2016ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು; ಮರುವರ್ಷ, ನಿಕಿತಿನ್ ತಂಗಿದ್ದ ಯಜ್ದ್ ನಗರವೂ ಅದೇ ಗೌರವವನ್ನು ಪಡೆಯಿತು.

ಬಿಸಿಲು ಓರೆಯಾದ ಮೇಲೆ ಪುನಃ ಬಯಲಿಗೆ ಬರಬಹುದು. ಸಂಜೆಗೆ ಎರಡು ತಾಣಗಳುಂಟು. ಪೂರ್ವದಿಕ್ಕಿಗೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವರಲ್ಲೊಬ್ಬನಾದ ಹುಮಾಯೂನನ ಗೋರಿಯ ಗುಮ್ಮಟವು ಸಿಡಿಲಿಗೆ ಸಿಕ್ಕಿ ಅರ್ಧ ಕುಸಿದಿರುವುದರಿಂದ, ಗೋಡೆ ಎಷ್ಟು ದಪ್ಪ, ಕಮಾನು ಹೇಗೆ ತಿರುಗುತ್ತದೆ, ಗುಮ್ಮಟ ಯಾವುದರ ಮೇಲೆ ಕುಳಿತಿದೆಯೆಂಬುದು ವಾಸ್ತುಶಿಲ್ಪದ ವಿದ್ಯಾರ್ಥಿಗೆ ಕೊಯ್ದು ತೋರಿಸಿದಂತೆ ಸ್ಪಷ್ಟವಾಗುತ್ತದೆ. ಅಹಮದ್ ಷಾ ವಲಿಯ ಗೋರಿಯ ಒಳಗೆ ಚಿತ್ತಾರಗಳಿವೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ತಾಳ್ಮೆಯಿಂದ ನಿಲ್ಲಬೇಕು. ಈ ಸುಲ್ತಾನನನ್ನು ಮುಸಲ್ಮಾನರು ವಲಿಯೆಂದೂ, ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಸ್ವರೂಪವೆಂದೂ ಆದರಿಸಿ, ವರ್ಷಕ್ಕೊಮ್ಮೆ ಒಂದೇ ಜಾತ್ರೆಯಲ್ಲಿ ಸೇರುತ್ತಾರೆ. ಪಶ್ಚಿಮದ ಕಡೆಯಲ್ಲಿ ಬರೀದ್ ಷಾಹಿ ಅರಸರ ಗೋರಿಗಳ ತೋಟವಿದೆ. ಅಲಿ ಬರೀದನ ಸಮಾಧಿಯು ನಾಲ್ಕು ಕಡೆಯೂ ಎತ್ತರದ ಕಮಾನುಗಳಿಂದ ತೆರೆದಿದ್ದು, ಗಾಳಿಯು ಅಡ್ಡಿಯಿಲ್ಲದೆ ಸುಳಿದಾಡುತ್ತದೆ. ಊರಿನ ಜನರು ಸಂಜೆ ಮಕ್ಕಳೊಡನೆ ಅಲ್ಲಿಗೆ ಬಂದು ಕೂರುವುದರಲ್ಲಿ ಆಶ್ಚರ್ಯವೇನಿದೆ!

ತಂಗುವ ಅವಧಿ ಎರಡು ದಿನಗಳಿಗೆ ಹಿಗ್ಗಿದರೆ, ಎರಡನೆಯ ಮುಂಜಾನೆಯನ್ನು ಭಾಲ್ಕಿಗೆ ಕೊಡಬೇಕೆಂದು ನನ್ನ ಸಲಹೆ. ಬೀದರದಿಂದ ಸುಮಾರು 40 ಕಿಲೋಮೀಟರ್ ದೂರದ ಈ ಊರಿಗೆ ರೈಲೂ ಇದೆ, ಬಸ್ಸೂ ಇದೆ. ದಾರಿಯಲ್ಲಿ ಕೆಂಪು ನೆಲ ಹಿಂದೆ ಸರಿದು ಕರಿಯ ಎರೆಭೂಮಿ ಕಾಣಿಸಿಕೊಳ್ಳುತ್ತದೆ. ಅದರೊಡನೆ ಮರದ ನೆರಳೂ ವಿರಳವಾಗುತ್ತದೆ. ಭಾಲ್ಕಿಯ ಹಿರೇಮಠವನ್ನು ನೋಡದೆ ಬರಬಾರದು. ನಿಜಾಮನ ಆಳ್ವಿಕೆಯಲ್ಲಿ ಕನ್ನಡ ಕಲಿಕೆಗೆ ಆಸರೆಯಿಲ್ಲದಿದ್ದ ದಿನಗಳಲ್ಲಿ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಚನ್ನಬಸವ ಪಟ್ಟದ್ದೇವರ ಕಥೆಯನ್ನು ಅಲ್ಲಿನ ಹಿರಿಯರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. 1890ರಲ್ಲಿ ಹುಟ್ಟಿ, 1999ರವರೆಗೆ ಬಾಳಿದ ಆ ಮಹನೀಯರು ಅನಾಥ ಮಕ್ಕಳಿಗೂ ಬಡ ವಿದ್ಯಾರ್ಥಿಗಳಿಗೂ ಆಶ್ರಯವಾಗಿದ್ದರು. ಬಿಸಿಲಿನಲ್ಲಿ ಬಂದವನಿಗೆ ನೀರು ಕೊಟ್ಟು, ಉಂಡು ಹೋಗೆನ್ನುವ ದಾಸೋಹದ ಪದ್ಧತಿ ಈ ಸೀಮೆಯ ಮಠಗಳಲ್ಲಿ ಶರಣರ ಕಾಲದಿಂದ ಬಂದದ್ದು.

ಔರಾದವು ಬೀದರದ ಉತ್ತರಕ್ಕಿದೆ. ಮಾಂಜ್ರಾ ನದಿಯನ್ನು ದಾಟಿ ಹೋಗಬೇಕು. ಬೇಸಿಗೆಯಲ್ಲಿ ಸೇತುವೆಯ ಮೇಲಿಂದ ನೋಡಿದರೆ ನದಿಯ ಒಡಲು ಎಷ್ಟು ಬತ್ತಿದೆಯೆಂಬುದು ಕಾಣಿಸುತ್ತದೆ. ಕರ್ನಾಟಕದ ಈ ಉತ್ತರದ ತುದಿಯಲ್ಲಿ ಸಂತೆಯ ದಿನ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಬ್ಬನ ಬಾಯಲ್ಲಿಯೇ ಒಂದರ ಹಿಂದೊಂದು ಬರುವುದನ್ನು ಕೇಳಬಹುದು. ಅಮರೇಶ್ವರ ದೇವಾಲಯ ಊರಿನ ಮುಖ್ಯಸ್ಥಾನ. ಮಹಾಶಿವರಾತ್ರಿಯ ವೇಳೆಗೆ, ಅಂದರೆ ಬಿಸಿಲು ಇನ್ನೂ ಎಳೆಯದಾಗಿರುವಾಗ, ಜಾತ್ರೆ ಕೂಡುತ್ತದೆ. ಮಳೆ ಕೈಕೊಟ್ಟರೆ ಬರಗಾಲದ ಪೆಟ್ಟು ಮೊದಲು ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದಾದ್ದರಿಂದ, ಇಲ್ಲಿ ಯಾರಾದರೂ ನಮಗೆ ಚೊಂಬು ನೀರು ನೀಡಿದರೆ ಅದರ ಬೆಲೆಯನ್ನು ಅರಿತು ಕುಡಿಯಬೇಕು.

ಇನ್ನು ದೇಹರಕ್ಷಣೆಯ ವಿಷಯದಲ್ಲಿ ನಾಲ್ಕು ಮಾತು. ಬಾಯಾರುವವರೆಗೆ ಕಾಯಬಾರದು; ಬಾಯಾರಿಕೆಯು ತಡವಾಗಿ ಬರುವ ದೂತ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರಿಗಿಂತ ಉಪ್ಪು ಬೆರಸಿದ ಮಜ್ಜಿಗೆ, ಜೋಳದ ಅಂಬಲಿ, ನಿಂಬೆಯ ಶರಬತ್ತು ಹಿತ. ಇಲ್ಲಿಯ ರೈತರು ಹೊಲಕ್ಕೆ ಹೋಗುವಾಗ ತಲೆಗೆ ಬಿಳಿಯ ರುಮಾಲು ಸುತ್ತುವುದು, ರೊಟ್ಟಿಯೊಡನೆ ಹಸಿ ಉಳ್ಳಾಗಡ್ಡಿ ತಿನ್ನುವುದು ತಲೆಮಾರುಗಳ ಅನುಭವದಿಂದ ಬಂದ ರೂಢಿ. ಒಣಹವೆಯಲ್ಲಿ ಬೆವರು ಮೂಡಿದೊಡನೆ ಆರಿಹೋಗುವುದರಿಂದ, ಮೈ ನೀರನ್ನು ಕಳೆದುಕೊಳ್ಳುತ್ತಿರುವುದು ನಮಗೆ ತಿಳಿಯುವುದೇ ಇಲ್ಲ. ಜೊತೆಯಲ್ಲಿದ್ದವರು ಮಾತು ತಡವರಿಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಬುದ್ಧಿ ಮಂಕಾದಂತೆ ಕಂಡರೆ, ಅದು ಬರಿಯ ಆಯಾಸವಲ್ಲ. ಕೂಡಲೇ ನೆರಳಿಗೆ ಸರಿಸಿ, ಒದ್ದೆಬಟ್ಟೆಯಿಂದ ಮೈ ತಣಿಸುತ್ತಾ, ಆಸ್ಪತ್ರೆಗೆ ಕರೆದೊಯ್ಯಬೇಕು. ವೃದ್ಧರೂ ಗರ್ಭಿಣಿಯರೂ ಹಸುಮಕ್ಕಳೂ ಸಂಗಡಿದ್ದರೆ ಮಧ್ಯಾಹ್ನದ ತಿರುಗಾಟವನ್ನು ಪೂರ್ತಿಯಾಗಿ ಕೈಬಿಡತಕ್ಕದ್ದು.

ಈ ಕ್ರಮ ಬೀದರಕ್ಕೆ ಮಾತ್ರ ಸಲ್ಲುವಂಥದಲ್ಲ. ನಮ್ಮ ಜಿಲ್ಲೆಯಿಂದ ಎಷ್ಟೋ ಮಂದಿ ದುಡಿಮೆಗಾಗಿ ಕೊಲ್ಲಿರಾಷ್ಟ್ರಗಳಿಗೆ ಹೋಗುತ್ತಾರೆ. ಅವರನ್ನು ನೋಡಲು ಹೋದ ತಂದೆತಾಯಿಗಳು ದುಬೈಯಂಥ ನಗರದಲ್ಲಿ ಒಂದೆರಡು ದಿನ ಕಳೆಯುತ್ತಾರೆ. ಅಲ್ಲಿಯೂ ಹಳೆಯ ಬಡಾವಣೆಯ ಮನೆಗಳ ಮೇಲೆ, ಇರಾನಿನ ಕರಾವಳಿಯಿಂದ ಬಂದ ವರ್ತಕರು ಕಟ್ಟಿದ ಗಾಳಿಗೋಪುರಗಳು ನಿಂತಿವೆ. ಎತ್ತರದ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಆ ಗೋಪುರಕ್ಕೂ, ಆಳದ ನೀರನ್ನು ನಡೆಯಿಸಿ ತರುವ ನಮ್ಮ ಸುರಂಗಕ್ಕೂ ಹಿಂದಿರುವ ವಿವೇಕ ಒಂದೇ. ಬೆಳಗ್ಗೆ ಬಯಲು, ಮಧ್ಯಾಹ್ನ ಒಳಗು, ಸಂಜೆ ಪುನಃ ಬಯಲು ಎಂಬ ನಿಯಮವನ್ನು ಅಲ್ಲಿಯೂ ಪಾಲಿಸಿದವರು ಸುಖವಾಗಿ ಹಿಂದಿರುಗುತ್ತಾರೆ.

ಆದಕಾರಣ, ಬೀದರದಲ್ಲಿ ಒಂದೇ ಹಗಲು ಇರುವವರು ಎಲ್ಲವನ್ನೂ ನೋಡುವ ಹಂಬಲವನ್ನು ತೊರೆದು, ಈ ಊರು ತನ್ನ ಬಿಸಿಲನ್ನು ಹೇಗೆ ತಡೆದುಕೊಂಡಿತೆಂಬ ಒಂದು ಸಂಗತಿಯನ್ನು ಚೆನ್ನಾಗಿ ನೋಡಿಹೋಗಲಿ. ಕೋಟೆ, ಮದರಸ, ಬಿದರಿ, ಝರಿ, ಗೋರಿಗಳೆಲ್ಲವೂ ಆ ಒಂದು ಸಂಗತಿಯ ಅಂಗಗಳಾಗಿ ಕಾಣುತ್ತವೆ. ಇಲ್ಲಿಯೇ ವಾಸವಾಗಿರುವ ನಮಗೂ ಒಂದು ಕರ್ತವ್ಯವಿದೆ. ಸುರಂಗ ಬಾವಿಗಳ ಬಾಯಿಗೆ ಕಸ ಸುರಿಯದಂತೆ, ತಾಯಿಬಾವಿಗಳ ನೆತ್ತಿಯ ಮೇಲೆ ಕಟ್ಟಡಗಳು ಏಳದಂತೆ, ಝರಿಗಳ ಹಾದಿಗೆ ಕೊಳವೆಬಾವಿಗಳು ಅಡ್ಡಬರದಂತೆ ನೋಡಿಕೊಳ್ಳುವ ಹೊಣೆ ನಗರದ ಆಡಳಿತಕ್ಕೆಷ್ಟೋ ಪ್ರತಿಯೊಂದು ಓಣಿಯ ನಿವಾಸಿಗೂ ಅಷ್ಟೇ ಇದೆ. ಬೇಸಿಗೆ ಬಂದೊಡನೆ ಬಸ್‌ನಿಲ್ದಾಣದ ಬಳಿ, ಸಂತೆಯ ದಾರಿಯಲ್ಲಿ, ಭಾಲ್ಕಿ ಔರಾದಗಳ ನಾಲ್ಕುರಸ್ತೆಗಳಲ್ಲಿ ಅರವಟ್ಟಿಗೆಗಳನ್ನಿಟ್ಟು, ದಾರಿಹೋಕನಿಗೆ ತಣ್ಣೀರು ಕೊಡುವ ನಮ್ಮ ಹಿರಿಯರ ಪದ್ಧತಿಯನ್ನು ಸಂಘಸಂಸ್ಥೆಗಳೂ ಅಂಗಡಿಕಾರರೂ ಇನ್ನಷ್ಟು ವ್ಯಾಪಕವಾಗಿ ನಡೆಸಲಿ. ಬಂದವರಿಗೆ ನೆರಳನ್ನೂ ನೀರನ್ನೂ ಕೊಡಬಲ್ಲ ಊರಿನಲ್ಲಿಯೇ ಇರುವವರ ಬಾಳೂ ಹಸನಾಗುತ್ತದೆ.